ತುರ್ತಿಗೆ ಎಲ್ಲಿಗೆ ಓಡಬೇಕು? ತಾಲೂಕು ಆಸ್ಪತ್ರೆ, ದೊಡ್ಡ ಖಾಸಗಿ ಆಸ್ಪತ್ರೆ, ಓಣಿಯ ನರ್ಸಿಂಗ್ ಹೋಂ: ನಾನು ಕಂಡಂತೆ

ನನ್ನ ಗಂಡನ ಮನೆ ಬೆಳಗಾವಿ ಸಿಟಿಯಲ್ಲಿ, ತವರು ಅದೇ ಜಿಲ್ಲೆಯ ಒಂದು ಹಳ್ಳಿ. ಕಳೆದ ಕೆಲವು ವರ್ಷಗಳಲ್ಲಿ ಮನೆಯವರನ್ನು ಕರೆದುಕೊಂಡು ಮೂರು ಥರದ ಆಸ್ಪತ್ರೆಗಳ ಎಮರ್ಜೆನ್ಸಿಗೆ ಓಡಿದ್ದೇನೆ. ತಾಲೂಕಿನ ಸರ್ಕಾರಿ ಆಸ್ಪತ್ರೆ ಒಂದು. ಸ್ಕ್ಯಾನಿಂಗ್, ಐಸಿಯು ಎಲ್ಲಾ ಒಂದೇ ಸೂರಿನಡಿ ಇರುವ ದೊಡ್ಡ ಖಾಸಗಿ ಆಸ್ಪತ್ರೆ ಇನ್ನೊಂದು. ಮತ್ತೊಂದು ನಮ್ಮ ಓಣಿಗೆ ಹತ್ತಿರದ ನರ್ಸಿಂಗ್ ಹೋಂ. ಹೆಸರು ಯಾವುದರದ್ದೂ ಬರೆಯುವುದಿಲ್ಲ. ಇಂಥ ಆಸ್ಪತ್ರೆಗಳು ಎಲ್ಲಾ ಊರಲ್ಲೂ ಇವೆ, ಅಲ್ವಾ?

ಮೂರೂ ಕಡೆ ಕಷ್ಟಪಟ್ಟಿದ್ದೇವೆ, ಆದರೆ ಕಷ್ಟ ಬೇರೆ ಬೇರೆ. ಹೋಲಿಸಿ ನೋಡಲು ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಬಾಗಿಲಲ್ಲಿ ಅವರು ಮೊದಲು ಏನು ಕೇಳುತ್ತಾರೆ? ಹೊರಗೆ ಕೂತ ಮನೆಯವರಿಗೆ ಒಳಗೆ ಏನು ನಡೆದಿದೆ ಅಂತ ಯಾರಾದರೂ ಬಂದು ಹೇಳುತ್ತಾರಾ? ಫ್ಯಾನು, ಎಸಿ, ಟೈಲ್ಸು, ಕುರ್ಚಿ ಇವೆಲ್ಲ ಆಮೇಲಿನ ಮಾತು.

ಅಪ್ಪನಿಗೆ ಎದೆನೋವು ಬಂದದ್ದು ಕಬ್ಬಿನ ಹಂಗಾಮಿನಲ್ಲಿ. ನಾನು ಆಗ ತವರಲ್ಲೇ ಇದ್ದೆ. ಸೀದಾ ಬೆಳಗಾವಿಗೇ ಒಯ್ಯೋಣ ಅಂತ ಕಾಕಾ ಹಟ ಹಿಡಿದರು. ಆ ದಿನಗಳಲ್ಲಿ ನಮ್ಮ ಕಡೆಯ ರಸ್ತೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಹೊರಟಿರುತ್ತವೆ, ಮುಂದೆ ಹೋಗಲು ದಾರಿಯೇ ಸಿಗುವುದಿಲ್ಲ. ಹಾಗಾಗಿ ತಾಲೂಕಿಗೇ ಹೋದೆವು.

ಬಾಗಿಲಲ್ಲಿ ಸಿಕ್ಕ ಸಿಸ್ಟರ್ ಅಪ್ಪನ ಅಂಗಿ ಗುಂಡಿ ಬಿಚ್ಚುತ್ತಲೇ ಕೇಳಿದರು: "ಅಜ್ಜಾರ, ನೋವು ಎಷ್ಟೊತ್ತಿಗೆ ಚಾಲೂ ಆತ್ರಿ? ಎಡಗೈಗೆ ಇಳಿದೈತೇನ್ರಿ?" ಚೀಟಿ ಮಾಡಿಸಿದ್ದು ಆಮೇಲೆ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ವೈದ್ಯರೇ ಒಪ್ಪಿದ ನಿಯಮ. ನಾವು ಬಂದು ಉಸಿರು ಬಿಡುವಷ್ಟರಲ್ಲಿ ಇಸಿಜಿ ಪಟ್ಟಿ ಮಷೀನಿನಿಂದ ಹೊರಗೆ ಬರುತ್ತಿತ್ತು.

2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ಹೃದಯಾಘಾತ ಅಂದರೆ ಎಲ್ಲರಿಗೂ ಹೆದರಿಕೆ ಜಾಸ್ತಿಯಾಯಿತು. ಸರ್ಕಾರ ಅವರದೇ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ನೋಡಿ ಹೇಳುತ್ತಾರೆ. ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರದ ಔಷಧ. ಅಪ್ಪನಿಗೆ ಆ ಇಂಜೆಕ್ಷನ್ ಸಿಕ್ಕಿತು. ಬೆಳಗಾವಿಯ ದಾರಿ ಹಿಡಿದಿದ್ದರೆ ಅದೇ ಹೊತ್ತಿಗೆ ನಾವು ಯಾವುದೋ ಟ್ರೇಲರ್ ಹಿಂದೆ ಹಾರ್ನ್ ಹೊಡೆಯುತ್ತಾ ನಿಂತಿರುತ್ತಿದ್ದೆವು.

ಪಕ್ಕದ ಮಂಚದಲ್ಲಿ ಕಬ್ಬು ಕಡಿಯಲು ಬಂದಿದ್ದ ಹೆಣ್ಣುಮಗಳೊಬ್ಬಳು ಇದ್ದಳು. ಕಾಲಿಗೆ ಹಾವು ಕಚ್ಚಿತ್ತು. ಅವಳ ರಕ್ತವನ್ನು ಸಣ್ಣ ಗಾಜಿನ ನಳಿಕೆಯಲ್ಲಿ ತೆಗೆದು ಕಿಟಕಿಯ ಹತ್ತಿರ ಅಲ್ಲಾಡಿಸದೆ ಇಟ್ಟರು. ಸಿಸ್ಟರ್ ಗೋಡೆ ಗಡಿಯಾರ ನೋಡಿ ಕೈ ಮೇಲೆ ಟೈಮ್ ಬರೆದುಕೊಂಡರು. ಇಪ್ಪತ್ತು ನಿಮಿಷ ಆದ ಮೇಲೆ ಬಂದು ನಳಿಕೆಯನ್ನು ಮೆಲ್ಲಗೆ ಬಗ್ಗಿಸಿದರು. ರಕ್ತ ನೀರಿನ ಹಾಗೆ ಹರಿಯಿತು, ಹೆಪ್ಪುಗಟ್ಟಿರಲಿಲ್ಲ. ವಿಷ ರಕ್ತಕ್ಕೆ ಏರಿದೆ ಅಂತ ತಿಳಿಯಲು ಅಷ್ಟು ಸಾಕು. ಲಗೂನ ವಿಷದ ಔಷಧ ಡ್ರಿಪ್‌ನಲ್ಲಿ ಶುರುವಾಯಿತು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಆ ರಾತ್ರಿ ಅಲ್ಲಿದ್ದವರ ಕೆಲಸ ಕಣ್ಣಾರೆ ಕಂಡಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಏನೂ ಇಲ್ಲ ಅಂತ ಯಾರಾದರೂ ಅಂದರೆ ಈಗ ನಾನು ಸುಮ್ನೆ ಕೂರುವುದಿಲ್ಲ.

ಆದರೆ ಅಲ್ಲಿ ಇಲ್ಲದ್ದು ಏನೇನು ಅಂತಲೂ ಹೇಳಬೇಕು. ಡ್ಯೂಟಿ ಡಾಕ್ಟರ್ ಒಬ್ಬರೇ. ಅಪ್ಪ, ಹಾವು ಕಚ್ಚಿದವಳು, ಬೈಕಿನಿಂದ ಬಿದ್ದ ಇಬ್ಬರು ಹುಡುಗರು, ಎಲ್ಲರಿಗೂ ಅವರೇ. ಮಂಚದ ರೆಕ್ಸಿನ್ ಹರಿದಿತ್ತು, ಮೇಲೆ ಚಾದರ ಇರಲಿಲ್ಲ. ಮಂಚಗಳ ನಡುವೆ ಪರದೆ ಇಲ್ಲ. ಆ ಹೆಣ್ಣುಮಗಳು ಸೀರೆಯನ್ನು ಮೊಣಕಾಲ ತನಕ ಎತ್ತಿಕೊಂಡು, ಎಲ್ಲರ ಕಣ್ಣೆದುರು ಮುಖ ಮುಚ್ಚಿಕೊಂಡು ಮಲಗಿದ್ದಳು. ಇಸಿಜಿಗೆ ಹಚ್ಚಿದ ಜೆಲ್ಲಿ ಒರೆಸಲು ಹತ್ತಿ ಇರಲಿಲ್ಲ, ಅವ್ವ ತನ್ನ ಸೆರಗಿನಿಂದಲೇ ಅಪ್ಪನ ಎದೆ ಒರೆಸಿದಳು. ಪಾಯಖಾನೆಗೆ ಅಗಳಿ ಇಲ್ಲ, ಲೈಟೂ ಇಲ್ಲ.

ಇದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ಇಂಜೆಕ್ಷನ್ ಆದ ಮೇಲೆ "ಬೆಳಗಾವಿಗೆ ಒಯ್ರಿ" ಅಂತ ಚೀಟಿ ಕೈಗಿಟ್ಟರು. ಯಾಕೆ ಅಂತ ಹೇಳಲಿಲ್ಲ. ಅಪ್ಪ ಉಳಿಯುವುದಿಲ್ಲವೇನೋ ಅಂತ ಅವ್ವ ಅಳಲು ಶುರು ಮಾಡಿದಳು. ಇಂಜೆಕ್ಷನ್ ಮೊದಲ ಹೆಜ್ಜೆ ಅಷ್ಟೇ. 24 ಗಂಟೆಯೊಳಗೆ ಆಂಜಿಯೋಗ್ರಾಮ್ ಮಾಡಿ ರಕ್ತನಾಳ ನೋಡಬೇಕಾಗುತ್ತದೆ, ಆ ಸೌಲಭ್ಯ ತಾಲೂಕಿನಲ್ಲಿ ಇಲ್ಲ. ಇಷ್ಟನ್ನು ಯಾರಾದರೂ ಹೇಳಿದ್ದರೆ ಅವ್ವನಿಗೆ ಎಷ್ಟು ಧೈರ್ಯ ಬರುತ್ತಿತ್ತು! ಇದನ್ನು ನಮಗೆ ಹೇಳಿದ್ದು 108 ಗಾಡಿಯಲ್ಲಿ ಜೊತೆಗೆ ಬಂದ ಹುಡುಗ.

ಈಗ ದೊಡ್ಡ ಆಸ್ಪತ್ರೆಯ ಮಾತು. ಒಂದು ಮುಂಜಾನೆ ಚಹಾ ಕುಡಿಯುತ್ತಿದ್ದ ಅತ್ತೆಯ ಕೈಯಿಂದ ಕಪ್ಪು ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಲಕ್ವಾ ಅಂತ ನೋಡಿದ ಕೂಡಲೇ ಗೊತ್ತಾಯಿತು. ಲಕ್ವಾ ಹೊಡೆದಾಗ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಮೆದುಳಿನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಅಂತ ಹೊರಗಿನಿಂದ ಹೇಳಲು ಬರುವುದಿಲ್ಲ. ಕಟ್ಟಿಕೊಂಡಿದ್ದರೆ, ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಡಬಹುದು. ಒಡೆದಿದ್ದರೆ ಅದೇ ಔಷಧ ಜೀವ ತೆಗೆಯುತ್ತದೆ. ಹಾಗಾಗಿ ಸ್ಕ್ಯಾನ್ ಇರುವ ಕಡೆಗೇ ಹೋದೆವು. ಇವತ್ತಿಗೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಗಾಜಿನ ಬಾಗಿಲು ತಾನಾಗಿ ತೆರೆಯಿತು. ಕೌಂಟರಿನಲ್ಲಿ ಮೊದಲ ಪ್ರಶ್ನೆ: "ಇನ್ಶೂರೆನ್ಸ್ ಐತ್ರಿ, ಕಾರ್ಡ್ ಐತ್ರಿ, ಏನ್ ಕ್ಯಾಶ್ ಕಟ್ತೀರಿ?" ಆಧಾರ್ ಕೇಳಿದರು. ಮೊಬೈಲಿಗೆ ಓಟಿಪಿ ಬರಬೇಕು ಅಂದರು, ಅದು ಬೇಗ ಬರಲಿಲ್ಲ. ಡಿಪಾಸಿಟ್ ಕಟ್ಟಿ ರಸೀದಿ ತಂದ ಮೇಲೆ ಮುಂದಿನದು ಅಂದರು. ನಮ್ಮವರು ಎಟಿಎಂಗೆ ಓಡಿದರು. ವೀಲ್‌ಚೇರಿನಲ್ಲಿ ಅತ್ತೆ ಬಲಕ್ಕೆ ವಾಲುತ್ತಿದ್ದರು. ಬೀಳಬಾರದು ಅಂತ ನಾನು ನನ್ನ ಸೊಂಟವನ್ನೇ ಅವರಿಗೆ ಆಸರೆ ಕೊಟ್ಟು ನಿಂತಿದ್ದೆ. ಯಾವಾಗ ಶುರುವಾಯಿತು ಅಂತ ಅಷ್ಟು ಹೊತ್ತೂ ಒಬ್ಬರೂ ಕೇಳಲಿಲ್ಲ. ಲಕ್ವಾದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ.

ಒಳಗೆ ಹೋದ ಮೇಲೆ ಕೆಲಸ ಚುರುಕಾಗಿ ನಡೆಯಿತು, ಅದನ್ನು ಒಪ್ಪುತ್ತೇನೆ. ಸ್ಕ್ಯಾನ್ ಕೂಡಲೇ ಆಯಿತು. ಹಾಸಿಗೆ ಸ್ವಚ್ಛ, ಸುತ್ತಲೂ ಪರದೆ. ಆದರೆ ಅತ್ತೆಯನ್ನು ಪರೀಕ್ಷೆ ಮಾಡಿದ ಎಳೆಯ ಡಾಕ್ಟರ್ ಹೊರ ರಾಜ್ಯದವರು. "ಹಾಥ್ ಉಠಾವೋ, ಅಮ್ಮಾ" ಅಂದರು. ಅತ್ತೆಗೆ ಕನ್ನಡ ಬಿಟ್ಟರೆ ಮಾರ್ಕೆಟ್ಟಿಗೆ ಸಾಕಾಗುವಷ್ಟು ಮರಾಠಿ ಗೊತ್ತು, ಹಿಂದಿ ಬರುವುದಿಲ್ಲ. ಅವರು ಸುಮ್ಮನೆ ನೋಡುತ್ತಿದ್ದರು. ಹೇಳಿದ್ದು ತಿಳಿಯುತ್ತಿಲ್ಲ ಅಂತ ಡಾಕ್ಟರ್ ಕಾಗದದ ಮೇಲೆ ಬರೆದುಕೊಳ್ಳತೊಡಗಿದರು. ನೆಲ ಒರೆಸುತ್ತಿದ್ದ ಆಯಾ ಕೋಲು ಗೋಡೆಗೆ ಒರಗಿಸಿ ಹತ್ತಿರ ಬಂದಳು. "ಅವ್ವಾರ, ಕೈ ಎತ್ರಿ ನೋಡೂಣು" ಅಂದಳು. ಅತ್ತೆ ಎಡಗೈ ಪೂರ್ತಿ ಎತ್ತಿದರು. ಬಲಗೈ ಎತ್ತಲು ನೋಡಿದರು, ಬೆರಳು ಮಾತ್ರ ಅಲ್ಲಾಡಿದವು. ಡಾಕ್ಟರ್ ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದರು. ಆ ಡಾಕ್ಟರ್ ಒಳ್ಳೆಯವರು, ಆಮೇಲೆ ಆಯಾಗೆ ಥ್ಯಾಂಕ್ಸ್ ಕೂಡ ಹೇಳಿದರು. ಲಕ್ವಾ ಎಷ್ಟು ಜೋರಾಗಿದೆ ಅಂತ ಅಳೆಯುವುದೇ ರೋಗಿಗೆ ಹೇಳಿ ಮಾಡಿಸಿ. ಅಂಥ ಕಡೆ ಕನ್ನಡ ಬಲ್ಲವರು ಒಬ್ಬರು ಜೊತೆಗಿರಬೇಕು ಅನ್ನುವುದು ದೊಡ್ಡ ಬೇಡಿಕೆಯೇ?

ಆಮೇಲೆ ನನ್ನನ್ನು ಹೊರಗೆ ಕಳಿಸಿದರು. ಬಾಗಿಲಲ್ಲಿ ಸೆಕ್ಯೂರಿಟಿ. "ಪೇಶಂಟ್ ಕಡೆಯವರು ಯಾರ್ರಿ?" ಅಂತ ಕೂಗಿದಾಗಲೆಲ್ಲ ಎದೆ ಧಸಕ್ ಅನ್ನುತ್ತಿತ್ತು. ಹೋಗಿ ನೋಡಿದರೆ ಔಷಧದ ಚೀಟಿ. ಇಲ್ಲವೇ ಬಿಲ್ಲು. ಒಂದು ಸಲ ಇಂಗ್ಲಿಷಿನಲ್ಲಿದ್ದ ಫಾರ್ಮ್ ಕೊಟ್ಟರು. ಇದು ಯಾತಕ್ಕೆ ಅಂತ ಕೇಳಿದೆ. "ಎಲ್ಲಾರೂ ಮಾಡ್ತಾರ್ರಿ ಅಕ್ಕಾರ, ಸಹಿ ಮಾಡ್ರಿ" ಅಂದರು. ಅದು ಆ ಹೆಪ್ಪು ಕರಗಿಸುವ ಔಷಧದ ಒಪ್ಪಿಗೆ ಪತ್ರ. ಕೆಲವರಿಗೆ ಆ ಔಷಧದಿಂದ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಅದನ್ನು ಬಿಡಿಸಿ ಹೇಳಿ, ಮನೆಯವರಿಗೆ ತಿಳಿಯಿತೇ ಅಂತ ಕೇಳಿ ಸಹಿ ತೆಗೆದುಕೊಳ್ಳಬೇಕು. ನಾನು ಪದವಿ ಓದಿದವಳು, ಓದಿ ಅರ್ಥ ಮಾಡಿಕೊಂಡೆ. ನನ್ನ ಪಕ್ಕದಲ್ಲಿ ಖಾನಾಪುರದ ಕಡೆಯ ಅಜ್ಜ ಒಬ್ಬರು ತಮ್ಮ ಮಗನ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದರು. ಏನು ಅಂತ ಅವರಿಗೆ ಯಾರೂ ಹೇಳಲಿಲ್ಲ.

ದುಡ್ಡಿನ ವಿಷಯದಲ್ಲಿ ಕೆಲವು ಮಾತು ಎಲ್ಲರಿಗೂ ಗೊತ್ತಿರಬೇಕು. ತುರ್ತಿನಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಅಂತ ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, ಅದಕ್ಕೆ 2017ರಲ್ಲಿ ತಿದ್ದುಪಡಿ ಬಂತು. ತುರ್ತಿನಲ್ಲಿ ಮುಂಗಡ ಕಟ್ಟಿದರೆ ಮಾತ್ರ ಚಿಕಿತ್ಸೆ ಅನ್ನುವ ಹಾಗಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು ಅಂತ ಹೇಳಿ ವಾಪಸ್ ಕಳಿಸುವವರಿದ್ದಾರೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಅಂಥ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ, ಕೌಂಟರಿನಲ್ಲಿ ವಾದ ಮಾಡುವ ಬದಲು ಮೊದಲು ಅವರನ್ನು ಹುಡುಕಿ.

ನರ್ಸಿಂಗ್ ಹೋಂ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮನೆಗೆ ಹತ್ತಿರ, ನಡುವೆ ರೈಲ್ವೆ ಗೇಟ್ ಇಲ್ಲ. ತಿಲಕವಾಡಿ ಕಡೆ ಗೇಟ್ ಬಿದ್ದು ಕಾದವರಿಗೆ ಇದರ ಬೆಲೆ ಗೊತ್ತು. ರಾತ್ರಿ ಜ್ವರ ಏರಿ ಮಗನಿಗೆ ಫಿಟ್ಸ್ ಬಂದಾಗ ಅಲ್ಲಿಗೇ ಎತ್ತಿಕೊಂಡು ಓಡಿದೆವು. ಬೋರ್ಡಿನ ಮೇಲೆ 24 ಗಂಟೆ ತುರ್ತು ಸೇವೆ ಅಂತ ಇದೆ. ಒಳಗೆ ಒಬ್ಬಳು ನರ್ಸ್ ಮಾತ್ರ. ಅವಳು ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿದಳು, ಬಾಯಿಗೆ ಏನೂ ಹಾಕಬೇಡಿ ಅಂದಳು. ಓಣಿಯವರು ಕೈಗೆ ಕೊಟ್ಟಿದ್ದ ಕೀಲಿ ಗೊಂಚಲನ್ನು ತೆಗೆದಿಟ್ಟಳು. ಅಷ್ಟನ್ನು ಸರಿಯಾಗಿಯೇ ಮಾಡಿದಳು. ಆದರೆ ಫಿಟ್ಸ್ 5 ನಿಮಿಷ ದಾಟಿದರೆ ಔಷಧ ಕೊಟ್ಟು ನಿಲ್ಲಿಸಬೇಕು. ಕೊಡಲು ಹೇಳುವ ಡಾಕ್ಟರ್ ಫೋನ್ ಎತ್ತುತ್ತಿರಲಿಲ್ಲ. ಪುಣ್ಯಕ್ಕೆ ತಾನಾಗಿಯೇ ನಿಂತಿತು. ಡಾಕ್ಟರ್ ಬಂದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ.

ಬಂದ ಮೇಲೆ ಮಾತ್ರ ಅವರು ಕುರ್ಚಿ ಎಳೆದುಕೊಂಡು ನಮ್ಮ ಮುಂದೆ ಕೂತರು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಜ್ವರಕ್ಕೆ ಹೀಗೆ ಆಗುವುದುಂಟು, ಹೆಚ್ಚಿನವರಿಗೆ ಮುಂದೆ ಏನೂ ತೊಂದರೆ ಆಗುವುದಿಲ್ಲ, ಮತ್ತೆ ಬಂದರೆ ಹೀಗೆ ಮಾಡಿ ಅಂತ ನಿಧಾನಕ್ಕೆ ಹೇಳಿದರು. ಮೂರೂ ಕಡೆ ಸೇರಿ ನಮ್ಮ ಜೊತೆ ಹಾಗೆ ಮಾತಾಡಿದ ಡಾಕ್ಟರ್ ಅವರೊಬ್ಬರೇ. ಅದಕ್ಕೇ ಹಗಲಿನ ಜ್ವರ, ನೆಗಡಿಗೆ ಈಗಲೂ ಅವರ ಹತ್ತಿರವೇ ಹೋಗುತ್ತೇನೆ. ರಾತ್ರಿ ಉಸಿರಾಟದ ತೊಂದರೆಯೋ ಫಿಟ್ಸೋ ಆದರೆ ಡ್ಯೂಟಿ ಡಾಕ್ಟರ್ ಆಸ್ಪತ್ರೆಯಲ್ಲೇ ಇರುವ ಕಡೆಗೆ ಹೋಗುತ್ತೇನೆ, ಗೇಟ್ ಬಿದ್ದಿದ್ದರೂ ಸರಿ.

ಎದೆನೋವು, ಹಾವು ಕಡಿತಕ್ಕೆ ಊರಲ್ಲಿದ್ದರೆ ನನ್ನ ವೋಟು ತಾಲೂಕು ಆಸ್ಪತ್ರೆಗೆ, ಎರಡನೇ ಯೋಚನೆ ಇಲ್ಲ. ಅಲ್ಲಿಗೆ ಬೇಕಾದದ್ದು ಇನ್ನೊಬ್ಬ ಡಾಕ್ಟರ್, ನಾಲ್ಕು ಪರದೆ, ಬಾಗಿಲಿಗೆ ಅಗಳಿ. ಇದು ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸ. ದೊಡ್ಡ ಆಸ್ಪತ್ರೆಯ ಮೇಲೆ ನನಗೆ ಸಿಟ್ಟು ಜಾಸ್ತಿ. ಯಾಕೆಂದರೆ ಅಲ್ಲಿ ಮಷೀನು, ಮಂದಿ, ದುಡ್ಡು ಎಲ್ಲಾ ಇದೆ. ಬಾಗಿಲಲ್ಲಿ ಒಬ್ಬ ಸಿಸ್ಟರನ್ನು ನಿಲ್ಲಿಸಿ ರೋಗಿಯನ್ನು ಮೊದಲು ಮುಟ್ಟಿ ನೋಡುವ ಪದ್ಧತಿ ಮಾಡಲು ಅವರಿಗೆ ಏನು ಕಷ್ಟ?

ಅತ್ತೆ ಈಗ ಕೋಲು ಹಿಡಿದು ಓಡಾಡುತ್ತಾರೆ. ಅವರು ಮನೆಗೆ ಬಂದ ಮೇಲೆ ಆ ಆಸ್ಪತ್ರೆಯ ಮ್ಯಾನೇಜರ್‌ಗೆ ಪತ್ರ ಬರೆದು ಕೊಟ್ಟಿದ್ದೇನೆ. ಡಿಪಾಸಿಟ್ ವಿಷಯ, ಒಪ್ಪಿಗೆ ಪತ್ರ ಕನ್ನಡ ಮತ್ತು ಮರಾಠಿಯಲ್ಲಿ ಇರಬೇಕು ಅನ್ನುವುದು, ಅರ್ಧ ಗಂಟೆಗೊಮ್ಮೆ ಒಬ್ಬರು ಹೊರಗೆ ಬಂದು ಮನೆಯವರಿಗೆ ಹೇಳಬೇಕು ಅನ್ನುವುದು, ಎಲ್ಲಾ ಬರೆದಿದ್ದೇನೆ. ಪತ್ರ ಮುಟ್ಟಿದೆ ಅಂತ ಸೀಲ್ ಹಾಕಿಸಿಕೊಂಡಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಈ ತಿಂಗಳು ನೋಡಿ, ಅದೇ ಪತ್ರದ ಪ್ರತಿ ಜೋಡಿಸಿ ಅಲ್ಲಿಗೆ ಅರ್ಜಿ ಕೊಡುತ್ತೇನೆ.