ಕೆನ್ನೆಗೆ ಸಣ್ಣ ಪೆಟ್ಟು: ಮೂರು ವಿಮೆಗಳಲ್ಲಿ ಯಾವುದು ದುಡ್ಡು ಕೊಟ್ಟಿತು?

ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸುವಾಗ ಸಿಲ್ವರ್ ಓಕ್ ಕೊಂಬೆಯೊಂದು ಕಣ್ಣಿನ ಕೆಳಗೆ ಬಡಿಯಿತು. ರಕ್ತ ಬರಲಿಲ್ಲ, ಆದರೆ ಕೆನ್ನೆ ಊದಿ ನೀಲಿಗಟ್ಟಿತು. ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿ ಸ್ಕ್ಯಾನ್ ಮಾಡಿಸಿದೆ. ಮೂಳೆಗೆ ಏನೂ ಆಗಿರಲಿಲ್ಲ. ನನಗಿರುವ ಮೂರೂ ವಿಮೆಗಳಲ್ಲಿ ಈ ಖರ್ಚು ಕೇಳಿ ನೋಡಿದೆ.

ಹೆಚ್ಚು ಪ್ರೀಮಿಯಂ ಕಟ್ಟುವುದು ಫ್ಯಾಮಿಲಿ ಫ್ಲೋಟರಿಗೆ, ಅಂದರೆ ಇಡೀ ಮನೆಯವರಿಗೆ ಸೇರಿ ಒಂದೇ ಮೊತ್ತದ ಆರೋಗ್ಯ ವಿಮೆಗೆ. ಅದರಿಂದ ಒಂದು ಪೈಸೆಯೂ ಬರಲಿಲ್ಲ. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು, ಇಲ್ಲವೇ ದಾಖಲಾಗಿ ಅದೇ ದಿನ ಮುಗಿಯುವ ಡೇ ಕೇರ್ ಚಿಕಿತ್ಸೆಯಾಗಿರಬೇಕು. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ದುಡ್ಡು ಕೇಳುವಂತಿಲ್ಲ ಎಂಬ ನಿರ್ಬಂಧ ಅಪಘಾತಕ್ಕಿಲ್ಲ ನಿಜ, ಆದರೂ ಹೊರರೋಗಿ ಬಿಲ್ಲಿಗೆ ಅದರಿಂದ ಪ್ರಯೋಜನವಿಲ್ಲ. ‘ಒಂದು ರಾತ್ರಿ ಅಡ್ಮಿಟ್ ಆಗಿಬಿಡಿ’ ಎನ್ನುವವರುಂಟು. ದಯವಿಟ್ಟು ಬೇಡ. ಬರೀ ಪರೀಕ್ಷೆಗೆಂದು ದಾಖಲಾದರೆ ಆ ಖರ್ಚನ್ನೂ ಕೊಡುವುದಿಲ್ಲ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹೋಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬೇರೆಯದೇ ಲೆಕ್ಕ. ಅಪಘಾತದಲ್ಲಿ ಸಾವಿಗೆ 2 ಲಕ್ಷ, ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಚಿಕಿತ್ಸೆಯ ಖರ್ಚಿಗೆ ಅಲ್ಲವೇ ಅಲ್ಲ. ಆದರೂ ಮೆಣಸು ಕೊಯ್ಯಲು ಏಣಿ ಹತ್ತುವವರಿಗೆಲ್ಲ ಇದನ್ನು ಮಾಡಿಸಲೇಬೇಕು.

ದುಡ್ಡು ಬಂದದ್ದು ಬೆಂಗಳೂರಿನಲ್ಲಿರುವ ಮಗಳ ಕಂಪನಿಯ ಗುಂಪು ವಿಮೆಯಿಂದ. ಅದರಲ್ಲಿ ಅಪ್ಪ-ಅಮ್ಮನಿಗೂ ಓಪಿಡಿ (ಹೊರರೋಗಿ ಚಿಕಿತ್ಸೆ) ಸೌಲಭ್ಯವಿದೆ. ಡಾಕ್ಟರ ಚೀಟಿ, ಸ್ಕ್ಯಾನ್ ವರದಿ, ಔಷಧಿ ಅಂಗಡಿಯ ಬಿಲ್ಲು ಕಳಿಸಿದ್ದಕ್ಕೆ ಮಿತಿಯೊಳಗಿನ ಮೊತ್ತ ಖಾತೆಗೆ ಬಿತ್ತು.

ಚೀಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಅದರಲ್ಲಿ ‘ಎಡಗೆನ್ನೆ ಊತ’ ಎಂದಷ್ಟೇ ಇತ್ತು. ಮರದ ಕೊಂಬೆ ತಗುಲಿದ್ದು, ಯಾವ ದಿನ ಎನ್ನುವುದನ್ನೂ ಡಾಕ್ಟರಿಂದ ಬರೆಸಿಕೊಂಡೆ. ಮುಂದೆ ಅದೇ ಪೆಟ್ಟಿಗೆ ದಾಖಲಾಗಬೇಕಾಗಿ ಬಂದರೆ, ದಾಖಲಾತಿಗೆ ಮುಂಚಿನ ಸಾಮಾನ್ಯವಾಗಿ 30 ದಿನಗಳ ಬಿಲ್ಲನ್ನು ಫ್ಲೋಟರಿನಲ್ಲೂ ಕೇಳಬಹುದು. ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ವಿಮೆಯಿಲ್ಲ. ಅಪಘಾತದಿಂದ ಕೆಟ್ಟ ಮುಖವನ್ನು ಸರಿಪಡಿಸಲು ಉಂಟು. ಆಗ ಅಪಘಾತ ನಡೆದದ್ದಕ್ಕೆ ಈ ಚೀಟಿಯೇ ಆಧಾರ. ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಜೋಮು ಹಿಡಿದರೆ, ಬಾಯಿ ತೆರೆಯಲು ಕಷ್ಟವಾದರೆ ವಿಮೆಯ ಯೋಚನೆ ಬಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.

ಕೈಯಿಂದ ದುಡ್ಡು ಹಾಕಿ ಓಪಿಡಿ ಸೇರಿಸಿಕೊಳ್ಳುವುದಾದರೆ, ಇಂಥ ಪೆಟ್ಟಿಗಾಗಿ ನಾನಂತೂ ಸೇರಿಸುವುದಿಲ್ಲ. ಆ ದುಡ್ಡಿಗೆ ಫ್ಲೋಟರಿನ ಮೊತ್ತ ಹೆಚ್ಚಿಸಿಕೊಳ್ಳುತ್ತೇನೆ. ದೊಡ್ಡ ಪೆಟ್ಟಾದರೆ ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಓಡಬೇಕು; ಅಲ್ಲಿನ ಯಾವ ಆಸ್ಪತ್ರೆಗಳು ನಿಮ್ಮ ಪಾಲಿಸಿಯ ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ನೇರವಾಗಿ ಬಿಲ್ಲು ಕಟ್ಟುವ) ಪಟ್ಟಿಯಲ್ಲಿವೆ ಎಂದು ಈಗಲೇ ನೋಡಿಟ್ಟುಕೊಳ್ಳಿ.