30 ರೂಪಾಯಿಯ ಊಟದ ಲೆಕ್ಕ: ನಮ್ಮ ಪೇಟೆಯ ಜನಕೀಯ ಹೋಟೆಲ್

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಒಂದು ಸಣ್ಣ ಪೇಟೆಯಲ್ಲಿ, ಪಂಚಾಯತಿನ ಹಳೆಯ ಕಟ್ಟಡದ ಎರಡು ಕೋಣೆಗಳಲ್ಲಿ, ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಮಹಿಳೆಯರು ನಡೆಸುವ ಜನಕೀಯ ಹೋಟೆಲೊಂದಿದೆ, ಅಂದರೆ ಅಗ್ಗದ ದರದ ಜನರ ಹೋಟೆಲು. ಬಾಗಿಲ ಬದಿಯ ಗೋಡೆಯಲ್ಲಿ ‘ಊಟ 30’ ಎಂದು ಬಣ್ಣದಲ್ಲಿ ಬರೆದಿದ್ದಾರೆ. ಮೂರರ ಅಡಿಯಲ್ಲಿ ಹಳೆಯ ಎರಡು ಇನ್ನೂ ಕಾಣಿಸುತ್ತದೆ. ಒಂದೂವರೆ ವರ್ಷದಿಂದ ವಾರಕ್ಕೆ ಎರಡು ಮೂರು ಸಲವಾದರೂ ಅಲ್ಲಿ ಉಣ್ಣುತ್ತಿರುವ, ಹೈಯರ್ ಸೆಕೆಂಡರಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವ ನನಗೆ, ಆ ಎರಡು ಅಂಕಿಗಳ ನಡುವಿನ 10 ರೂಪಾಯಿಯನ್ನು ಬಿಟ್ಟು ಬರಿಯ ರುಚಿಯ ಬಗ್ಗೆ ಬರೆಯುವುದು ಸಾಧ್ಯವಾಗುತ್ತಿಲ್ಲ.

ಆದರೂ ಮೊದಲು ಊಟ. ಕುಚ್ಚಿಲಕ್ಕಿಯ ಅನ್ನ, ಸಾಂಬಾರು ಇಲ್ಲವೇ ಸೌತೆಕಾಯಿಯ ಹುಳಿ, ಒಂದು ಪಲ್ಯ, ಉಪ್ಪಿನಕಾಯಿ, ನೀರು ಮಜ್ಜಿಗೆ. ಅಲಸಂಡೆ ಪಲ್ಯ ಮಾಡಿದ ದಿನ ಸ್ವಲ್ಪ ಬೇಗ ಹೋಗುವುದು ಒಳ್ಳೆಯದು, ಏಕೆಂದರೆ ಅದು ಒಂದು ಗಂಟೆಗೆಲ್ಲ ಮುಗಿಯುತ್ತದೆ. ಹುಳಿಗೆ ತೆಂಗಿನಕಾಯಿ ಮೊದಲಿನಷ್ಟು ಬೀಳುತ್ತಿಲ್ಲ ಎಂಬುದು ನಾಲಗೆಗೆ ತಿಳಿಯುತ್ತದೆ. 2025ರಲ್ಲಿ ಕೊಬ್ಬರಿ ಎಣ್ಣೆಯ ದರ 400 ರೂಪಾಯಿ ದಾಟಿದ ಮೇಲೆ ನಮ್ಮ ಮನೆಯ ಹುಳಿಯಲ್ಲಿಯೂ ಇದೇ ಬದಲಾವಣೆ ಆಗಿರುವುದರಿಂದ ನಾನು ದೂರುವ ಸ್ಥಿತಿಯಲ್ಲಿಲ್ಲ. ಬೂತಾಯಿ ಅಥವಾ ಬಂಗುಡೆ ಹುರಿದದ್ದು ಬೇಕಾದರೆ ಬೇರೆ ದರ. ಹೋಟೆಲಿನ ನಿಜವಾದ ಸಂಪಾದನೆ ಅಲ್ಲಿದೆ: ಅನ್ನದಲ್ಲಿ ಹೋದದ್ದು ಮೀನಿನಲ್ಲಿ ಬರಬೇಕು. ಅಂದರೆ ಮೀನು ತಿನ್ನುವವನು ತಿನ್ನದವನ ಊಟಕ್ಕೆ ತನಗೆ ತಿಳಿಯದೆಯೇ ಒಂದು ಪಾಲು ಕೊಡುತ್ತಿರುತ್ತಾನೆ. ಸಸ್ಯಾಹಾರಿಯಾದ ನಾನು ಈ ವ್ಯವಸ್ಥೆಯ ಫಲಾನುಭವಿ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಈ ಹೋಟೆಲುಗಳು ಹುಟ್ಟಿದ್ದು 2020-21ರ ಕೇರಳ ಬಜೆಟ್ಟಿನ ಹಸಿವುಮುಕ್ತ ಕೇರಳ ಎಂಬ ಘೋಷಣೆಯಿಂದ. ಆಗಿನ ಹಣಕಾಸು ಸಚಿವ ಥಾಮಸ್ ಐಸಾಕ್ ಅವರು 1,000 ಹೋಟೆಲುಗಳ ಮಾತನ್ನಾಡಿದ್ದರು. ಕೊರೋನಾ ಕಾಲದ ಸಮುದಾಯ ಅಡುಗೆಮನೆಗಳ ಹಿಂದೆಯೇ ಅವು ಒಂದೊಂದಾಗಿ ತೆರೆದವು. ಕುಳಿತು ಉಂಡರೆ 20 ರೂಪಾಯಿ, ಪಾರ್ಸೆಲಿಗೆ 25. ಪ್ರತಿಯೊಂದು ಊಟಕ್ಕೆ ಸರಕಾರ 10 ರೂಪಾಯಿ ಸಹಾಯಧನ ಕೊಡುತ್ತಿತ್ತು, ಅಕ್ಕಿ ಕಿಲೋಗೆ 10 ರೂಪಾಯಿ 90 ಪೈಸೆಯಂತೆ ಸಿಗುತ್ತಿತ್ತು, ಕಟ್ಟಡವೂ ನೀರು, ವಿದ್ಯುತ್ತಿನ ವೆಚ್ಚವೂ ಸ್ಥಳೀಯ ಸಂಸ್ಥೆಯದಾಗಿತ್ತು. 2023ರ ಆಗಸ್ಟಿನಲ್ಲಿ ಆ 10 ರೂಪಾಯಿಯ ಸಹಾಯಧನವನ್ನು ಹಿಂತೆಗೆದುಕೊಂಡು, ಊಟದ ದರವನ್ನು 30ಕ್ಕೂ ಪಾರ್ಸೆಲಿನದನ್ನು 35ಕ್ಕೂ ಏರಿಸಲಾಯಿತು.

ಕಾಗದದ ಮೇಲೆ ಈ ಲೆಕ್ಕ ಸರಿದೂಗುತ್ತದೆ. ಸರಕಾರ ಕೊಡುತ್ತಿದ್ದ 10ನ್ನು ಈಗ ಗಿರಾಕಿ ಕೊಡುತ್ತಾನೆ, ಅಡುಗೆ ಮಾಡುವವರ ಕೈಗೆ ಬರುವುದು ಮೊದಲಿನಂತೆ 30ವೇ. ಅಷ್ಟೇ ಅಲ್ಲ, ಸಹಾಯಧನ ತಿಂಗಳುಗಟ್ಟಲೆ ಬಾಕಿ ಉಳಿಯುತ್ತಿದ್ದುದು ಆ ಕಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿಯಾದ್ದರಿಂದ, ಬಾಕಿಯ 10ಕ್ಕಿಂತ ಗಿರಾಕಿಯ ನಗದು 10 ಮೇಲು ಎಂದು ವಾದಿಸುವವರೂ ಇದ್ದಾರೆ. ನಾನೂ ತರಗತಿಯಲ್ಲಿ ಒಮ್ಮೆ ಹಾಗೆಯೇ ಹೇಳಿದ್ದೆ. ಅದನ್ನೇ ಇಲ್ಲಿ ಬಡಿಸುವ ಅಕ್ಕನೊಬ್ಬರಲ್ಲಿ ಹೇಳಿದಾಗ ಅವರು, “ಸರಿ ಮಾಷ್ಟ್ರೇ, ಆದರೆ ಈಗ ನಾವು ಒಂದು ಪಾತ್ರೆ ಅನ್ನ ಕಡಿಮೆ ಬೇಯಿಸುತ್ತೇವೆ” ಎಂದರು. ನನ್ನ ಲೆಕ್ಕದಲ್ಲಿ ಇಲ್ಲದಿದ್ದದ್ದು ಆ ಪಾತ್ರೆ. ದರ ಏರಿದಾಗ ಬರುವುದನ್ನು ಬಿಟ್ಟವರು ನನ್ನಂತಹ ಸಂಬಳದವರಲ್ಲ, ಪಕ್ಕದ ಕಚೇರಿಯ ಗುಮಾಸ್ತನೂ ಅಲ್ಲ; ಬೇರೆ ಹೋಟೆಲಿನಲ್ಲಿ ಇದರ ಎರಡು ಪಾಲು ತೆರಬೇಕಾದ್ದರಿಂದ ನಮಗೆ 30 ಇನ್ನೂ ಅಗ್ಗವೇ. ಬಿಟ್ಟವರು ಮಧ್ಯಾಹ್ನ ಒಂದು ಪಾರ್ಸೆಲ್ ಒಯ್ದು ಅದನ್ನೇ ರಾತ್ರಿಗೂ ಉಳಿಸಿಕೊಳ್ಳುತ್ತಿದ್ದ ಮುದುಕರು.

ಉಳಿದಿರುವ ಅಕ್ಕಿಯ ರಿಯಾಯಿತಿಯನ್ನೂ ಅಳೆದು ನೋಡಿದ್ದೇನೆ. ಒಬ್ಬನಿಗೆ 200 ಗ್ರಾಂ ಅಕ್ಕಿ ಎಂದಿಟ್ಟುಕೊಂಡರೆ ರಿಯಾಯಿತಿ ದರದಲ್ಲಿ ಅದಕ್ಕೆ 2 ರೂಪಾಯಿ 18 ಪೈಸೆ. ಅಂಗಡಿಯಲ್ಲಿ ಕಿಲೋಗೆ 45 ಕೊಟ್ಟು ತಂದರೆ 9 ರೂಪಾಯಿ. ಉಳಿತಾಯ ಸುಮಾರು 7 ರೂಪಾಯಿ, ಸಣ್ಣದೇನಲ್ಲ. ಆದರೆ ಅನ್ನದ ರಾಜಕೀಯ ನಮ್ಮ ದೇಶದಲ್ಲಿ ಯಾವಾಗಲೂ ಅಕ್ಕಿಯ ರಾಜಕೀಯವಾಗಿಯೇ ಇರುವುದರಿಂದ, ಬಟ್ಟಲಿನ ಉಳಿದ ವೆಚ್ಚವನ್ನು ಯಾರೂ ಚರ್ಚಿಸುವುದಿಲ್ಲ. ತರಕಾರಿ, ತೆಂಗಿನಕಾಯಿ, ವಾಣಿಜ್ಯ ದರದ ಗ್ಯಾಸ್, ಇವೆಲ್ಲವೂ ಮಾರುಕಟ್ಟೆಯ ಜೊತೆ ಏರುತ್ತವೆ. ಗೋಡೆಯ ಮೇಲಿನ ಅಂಕಿ ಏರುವುದಿಲ್ಲ. ಆ ಅಂತರವನ್ನು ತುಂಬುವುದು ಒಂದೇ ಒಂದು ಬಾಬತ್ತು, ಮಹಿಳೆಯರ ಕೂಲಿ. ಬೆಳಗ್ಗೆ ಏಳಕ್ಕೆ ಬಂದು ಮೂರೂವರೆಗೆ ಪಾತ್ರೆ ತೊಳೆದು ಹೋಗುವ ಇವರು ದಿನದ ಕೊನೆಗೆ ಉಳಿದದ್ದನ್ನು ಹಂಚಿಕೊಳ್ಳುತ್ತಾರೆ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ಕ್ಕೆ ಕೇರಳದ ದಿನಗೂಲಿ 369 ರೂಪಾಯಿ; ಇಲ್ಲಿ ಅಷ್ಟು ಕೈಗೆ ಬರುವ ದಿನಗಳು ಕಡಿಮೆ ಎಂದು ಅದೇ ಅಕ್ಕ ನಗುತ್ತಾ ಹೇಳಿದರು.

ಇತರ ರಾಜ್ಯಗಳು ಇದೇ ಅಗ್ಗದ ಊಟವನ್ನು ಬೇರೆ ಬೇರೆ ರೀತಿಯಲ್ಲಿ ಕೊಡುತ್ತಿವೆ. ಆಸ್ಪತ್ರೆಯ ಕೆಲಸಕ್ಕೆ ತಲಪಾಡಿ ದಾಟಿ ಮಂಗಳೂರಿಗೆ ಹೋದಾಗಲೆಲ್ಲ, ನಮ್ಮ ಕಡೆಯವರು ಇಂದಿರಾ ಕ್ಯಾಂಟೀನಿನ 10 ರೂಪಾಯಿಯ ಊಟವನ್ನೂ ನಮ್ಮ 30ನ್ನೂ ಹೋಲಿಸಿ ಕೇರಳವನ್ನು ಜರೆಯುವುದನ್ನು ಕೇಳುತ್ತೇನೆ. 2017ರ ಆಗಸ್ಟಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನನ್ನು ನಡೆಸುವುದು ಗುತ್ತಿಗೆದಾರರು. 10ರ ಮೇಲಿನ ವ್ಯತ್ಯಾಸ ಸಾರ್ವಜನಿಕ ಬೊಕ್ಕಸದಿಂದ ಬರುತ್ತದೆ. ಮಹಾರಾಷ್ಟ್ರದ ಶಿವಭೋಜನ ಥಾಳಿಗೂ ಗಿರಾಕಿ ಕೊಡುವುದು 10, ನಗರದಲ್ಲಿ ಸರಕಾರ ಸೇರಿಸುವುದು 40. ಆಂಧ್ರದ 5 ರೂಪಾಯಿಯ ಅನ್ನ ಕ್ಯಾಂಟೀನುಗಳು 2018ರಲ್ಲಿ ತೆರೆದು, 2019ರಲ್ಲಿ ಸರಕಾರ ಬದಲಾದಾಗ ಮುಚ್ಚಿ, 2024ರ ಆಗಸ್ಟಿನಲ್ಲಿ ಮತ್ತೆ ತೆರೆದವು. ಅಲ್ಲಿ ಚುನಾವಣೆಯ ಅಪಾಯವನ್ನು ಹೊತ್ತವನು ಉಣ್ಣುವವನು. ತಮಿಳುನಾಡಿನ ಅಮ್ಮ ಉಣವಗದಲ್ಲಿ 2013ರಿಂದಲೂ ಅಡುಗೆ ಮಾಡುವವರು ಸ್ವಸಹಾಯ ಸಂಘದ ಮಹಿಳೆಯರೇ, ಆದರೆ ಅವರಿಗೆ ಪಾಲಿಕೆ ದಿನಗೂಲಿ ಕೊಡುತ್ತದೆ. ಇಡ್ಲಿ 1 ರೂಪಾಯಿಗೆ ಹೋದರೂ, ಮಳೆ ಬಂದು ಗಿರಾಕಿ ಬಾರದಿದ್ದರೂ, ಆ ನಷ್ಟ ಪಾಲಿಕೆಯದು.

ನಮ್ಮಲ್ಲಿ ಇವರನ್ನು ಕಾರ್ಮಿಕರು ಎನ್ನುವುದಿಲ್ಲ, ಉದ್ಯಮಿಗಳು ಎನ್ನುತ್ತೇವೆ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್ಕೂಟಗಳು, ಅಂದರೆ ನೆರೆಹೊರೆಯ ಮಹಿಳಾ ಸಂಘಗಳು, ನಮ್ಮ ಊರಿನ ಹೆಂಗಸರ ಕೈಗೆ ಸಾಲವನ್ನೂ ಸಭೆಯಲ್ಲಿ ಮಾತನ್ನೂ ಕೊಟ್ಟಿವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಉದ್ಯಮಿ ಎಂದರೆ ತನ್ನ ಸರಕಿನ ಬೆಲೆಯನ್ನು ತಾನೇ ನಿರ್ಧರಿಸುವವನು. ಬೆಲೆಯನ್ನು ಸರಕಾರ ಗೊತ್ತುಮಾಡಿ ನಷ್ಟವನ್ನು ಮಾತ್ರ ಉದ್ಯಮಿಗೆ ಬಿಟ್ಟುಕೊಟ್ಟರೆ, ಆ ಹೆಸರು ಅಪಾಯವನ್ನು ದಾಟಿಸುವ ಒಂದು ಉಪಾಯವಾಗುತ್ತದೆ. 2025ರ ಫೆಬ್ರವರಿಯಿಂದ ತಿರುವನಂತಪುರದಲ್ಲಿ ಧರಣಿ ಕುಳಿತ ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ‘ಗೌರವಧನ’ ಎಂಬ ಪದ ಮಾಡಿದ್ದೂ ಇದೇ ಕೆಲಸವನ್ನು. ಸಂಬಳ ಎಂದರೆ ಕೊಡಬೇಕಾದ್ದು, ಗೌರವಧನ ಎಂದರೆ ಕೊಟ್ಟಷ್ಟು.

ಹಣವಿಲ್ಲ ಎಂಬ ಸರಕಾರದ ಉತ್ತರ ಸುಳ್ಳೆಂದು ನಾನು ಹೇಳಲಾರೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕೇರಳದ ಪಾಲು ಹತ್ತನೆಯ ಹಣಕಾಸು ಆಯೋಗದ ಕಾಲದಲ್ಲಿ 3.875 ಶೇಕಡಾ ಇದ್ದದ್ದು ಹದಿನೈದನೆಯದರಲ್ಲಿ 1.925ಕ್ಕೆ ಇಳಿದಿತ್ತು, ಸಾಲದ ಮಿತಿಯ ವಿಷಯವಾಗಿ ರಾಜ್ಯವು ಕೇಂದ್ರದ ವಿರುದ್ಧ ಹೂಡಿದ ದಾವೆಯನ್ನು 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಕಡಿತ ಎಲ್ಲಿಯಾದರೂ ಆಗಲೇಬೇಕಿತ್ತು. ಆದರೆ ಎಲ್ಲರಿಗೂ ಒಂದೇ ದರ ಇಟ್ಟು ಆ ದರವನ್ನು ತುಂಬ ಕೆಳಗೆ ಹಿಡಿದರೆ, ಸಂಬಳ ಬರುವ ನನ್ನ ಊಟಕ್ಕೂ ಆ ಅಕ್ಕನ ಕೂಲಿಯಿಂದ ಪಾಲು ಹೋಗುತ್ತದೆ. ಪಡಿತರ ಚೀಟಿಯ ಬಣ್ಣ ನೋಡಿ ಬಡಿಸಿರಿ ಎಂದು ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ಕಾರ್ಡು ಕೇಳುವ ಹೋಟೆಲಿಗೆ ಹಸಿದವನೂ ಹೆಜ್ಜೆ ಇಡಲಾರ. ಗೋಡೆಯಲ್ಲಿ 40 ಎಂದು ಬರೆಯಲಿ. ನಿರ್ಗತಿಕರಿಗೂ ಹಾಸಿಗೆ ಹಿಡಿದವರಿಗೂ ಹೋಗುವ ಊಟದ ಪೂರ್ತಿ ಬೆಲೆಯನ್ನು ಪಂಚಾಯತು ತಿಂಗಳ ಮೊದಲಿಗೇ ಮುಂಗಡವಾಗಿ ಕೊಡಲಿ. 10 ರೂಪಾಯಿ ಹೆಚ್ಚು ಕೊಡಲು ನನಗೆ ಕಷ್ಟವಿಲ್ಲ. ಕೇಳಿದ ನಾಲ್ಕು ಸಹೋದ್ಯೋಗಿಗಳಲ್ಲಿ ಮೂವರಿಗೂ ಇಲ್ಲ, ನಾಲ್ಕನೆಯವರು ಮಾತು ಬದಲಿಸಿದರು.

ಇನ್ನು ಹೋಗುವವರಿಗೆ ಬೇಕಾದ ಸಂಗತಿಗಳು. ಬೆಂಚು ಇಕ್ಕಟ್ಟು, ಕೈ ತೊಳೆಯುವ ನಳ್ಳಿ ಕಟ್ಟಡದ ಹಿಂದೆ ಇದೆ, ಮಳೆಗಾಲದಲ್ಲಿ ಅಲ್ಲಿಗೆ ಕೊಡೆ ಬೇಕು. ದರಪಟ್ಟಿ ಮಲಯಾಳದಲ್ಲಿ ಮಾತ್ರ ಇದೆ, ಮಾತು ತುಳು, ಕನ್ನಡ, ಮಲಯಾಳ ಮೂರರಲ್ಲಿಯೂ ನಡೆಯುತ್ತದೆ. ಕನ್ನಡದ ಹಲಗೆಯೊಂದನ್ನು ಬರೆದುಕೊಡುವುದಾಗಿ ನಾನೇ ಒಪ್ಪಿ ಮೂರು ತಿಂಗಳಾಯಿತು. ಎರಡನೆಯ ಸಲದ ಅನ್ನಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಮಜ್ಜಿಗೆ ಬೇಕಾದರೆ ಒಂದೂಕಾಲರ ಒಳಗೆ ಹೋಗಬೇಕು. ಪಾರ್ಸೆಲಿನ ಹೆಚ್ಚಿನ 5 ರೂಪಾಯಿ ಡಬ್ಬಿಯದು. ಮನೆಯಿಂದ ತೂಕುಪಾತ್ರೆ ಒಯ್ದರೆ 30ನ್ನೇ ತೆಗೆದುಕೊಳ್ಳುತ್ತಾರೆ. ಚಿಲ್ಲರೆ ಇರಲಿ. ಭಾನುವಾರ ರಜೆ.