ಟೈರಿನ ಸೈಜು ಮುಖ್ಯವೋ, ರಬ್ಬರ್ ಮುಖ್ಯವೋ: ಪುಣೆಯಲ್ಲಿ ಒಂದೇ ಪೋಲೋಗೆ ಬೇರೆ ಬೇರೆ ಟೈರು ಹಾಕಿ ನೋಡಿದ್ದು

ಒಂದೇ ಕಾರಿಗೆ ಮೂರು ಬಗೆಯ ಟೈರು ಹಾಕಿ ಓಡಿಸಿದ್ದೇನೆ. ಕಾರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ ಬಂದ ಮಾದರಿ, 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ. ನಮ್ಮ ಪುಣೆ ಪಕ್ಕದ ಚಾಕಣದಲ್ಲೇ ತಯಾರಾಗುತ್ತಿತ್ತು. 2022ರಲ್ಲಿ ಪೋಲೋ ನಿಂತುಹೋಯಿತು, ಆದರೂ ಇಲ್ಲಿನ ರಸ್ತೆಗಳಲ್ಲಿ ಈಗಲೂ ಬೇಕಾದಷ್ಟು ಕಾಣುತ್ತವೆ. ಟೈರು ಸವೆದಾಗ ಇಲ್ಲಿನ ಕನ್ನಡದ ಗೆಳೆಯರು ಕೇಳುವುದು ಒಂದೇ ಪ್ರಶ್ನೆ. ಕಂಪನಿ ಸೈಜೇ ಸಾಕಾ, ಅಗಲದ ಟೈರು ಹಾಕಿಸಬೇಕಾ, ಇಲ್ಲಾ 16 ಇಂಚಿನ ಅಲಾಯ್ ಚಕ್ರಕ್ಕೆ ಹೋಗಬೇಕಾ?

ಟೈರ್ ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಕಂಪನಿಯಲ್ಲಿ ಮೈಲೇಜ್ ಟೈರೂ ಸಿಗುತ್ತದೆ, ಗ್ರಿಪ್ ಟೈರೂ ಸಿಗುತ್ತದೆ. ಹೆಸರು ನೋಡಿ ಕೊಂಡರೆ ಯಾವುದು ಕೈಗೆ ಬಂತು ಅಂತ ಗೊತ್ತಾಗುವುದಿಲ್ಲ.

ಮೊದಲನೆಯದು ಕಾರಿನ ಜೊತೆ ಬಂದ ಸೈಜು, 185/60 ಆರ್15. ಅಂದರೆ ಅಗಲ 185 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಅದರ ಶೇ. 60, ಅಂದರೆ 111 ಮಿ.ಮೀ., ಕೂರುವ ರಿಮ್ 15 ಇಂಚಿನದು. ಗಟ್ಟಿ ರಬ್ಬರಿನ, ಜಾಸ್ತಿ ಬಾಳಿಕೆಯ ಟೈರು. ಬೇಗ ಸವೆಯುವುದಿಲ್ಲ, ಪೆಟ್ರೋಲ್ ಉಳಿಸುತ್ತದೆ, ಪುಣೆಯ ಗುಂಡಿಗಳಿಗೂ ಜಗ್ಗುವುದಿಲ್ಲ. ಆಫೀಸಿಗೆ ಹೋಗಿ ಬರುವುದಷ್ಟೇ ಕೆಲಸವಾದರೆ ಇದರಲ್ಲಿ ತಪ್ಪು ಹುಡುಕುವ ಅಗತ್ಯವೇ ಇಲ್ಲ.

ಆದರೆ ಮಳೆಗಾಲದಲ್ಲಿ ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋಗಿ ನೋಡಿ. ಈ ಎಂಜಿನ್ 1,500 ಆರ್‌ಪಿಎಂನಿಂದಲೇ 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಅದೆಲ್ಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ. ತಿರುವಿನಿಂದ ಹೊರಬರುವಾಗ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿದರೂ ಕಾರು ಜಾರದಂತೆ ತಡೆಯುವ ಇಎಸ್‌ಪಿಯ ದೀಪ ಮಿನುಗುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರಿನ ಮೂತಿ ಹೊರಗೇ ಸರಿಯುತ್ತದೆ. ಮುಂದಿನ ಟೈರುಗಳ ಪಾಡು ಯೋಚಿಸಿ. ಕಾರು ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಬಹುಪಾಲು ಹೊರೆಯನ್ನೂ ಅವೇ ಹೊರಬೇಕು. ಇಷ್ಟೆಲ್ಲ ಕೆಲಸಕ್ಕೆ ಒಂದೊಂದು ಟೈರೂ ರಸ್ತೆಗೆ ತಾಗುವುದು ಅಂಗೈ ಅಗಲದ ಜಾಗದಲ್ಲಿ. ಅಲ್ಲಿ ರಬ್ಬರ್ ಗಟ್ಟಿಯಿದ್ದರೆ ಒದ್ದೆ ಡಾಂಬರನ್ನು ಕಚ್ಚಿ ಹಿಡಿಯುವುದೇ ಇಲ್ಲ. ಎಬಿಎಸ್ ಇದೆಯಲ್ಲ ಅಂತ ಕೆಲವರು ಧೈರ್ಯ ಮಾಡುತ್ತಾರೆ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ಅವು ಸವೆದ ಮೇಲೆ ಹಾಕಿಸಿದ್ದು 195/60 ಆರ್15. ಮೆತ್ತನೆಯ ರಬ್ಬರಿನ, ಆರಾಮಕ್ಕೂ ಮಳೆಗೂ ಅಂತ ಮಾಡಿದ ಟೂರಿಂಗ್ ಟೈರು. ಹಳೇ ರಿಮ್‌ಗೇ ಕೂರುತ್ತದೆ. ಒದ್ದೆ ರಸ್ತೆಯಲ್ಲಿ ಮೊದಲ ಸಲ ಬ್ರೇಕ್ ಒತ್ತಿದಾಗಲೇ ಇದು ಬೇರೆ ಕಾರು ಅನ್ನಿಸಿತು. ಎಬಿಎಸ್ ಪೆಡಲ್ ನಡುಗುವ ಮೊದಲೇ ವೇಗ ಇಳಿದಿರುತ್ತಿತ್ತು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟಿನ ಮೇಲೆ ಮೊದಲಿದ್ದ ಗೂಂಯ್ ಸದ್ದೂ ಎಷ್ಟೋ ಕಡಿಮೆಯಾಯಿತು. ಘಾಟಿಯಲ್ಲಿ ತಿರುವಿನ ನಡುವೆ ಕಿತ್ತುಹೋದ ಡಾಂಬರು ಬಂದರೂ ಕಾರು ಪಕ್ಕಕ್ಕೆ ಹಾರುತ್ತಿರಲಿಲ್ಲ. ನಮ್ಮ ಕಡೆಯ ಘಾಟಿಗಳಿಗೆ ಇದು ತುಂಬ ದೊಡ್ಡ ಗುಣ.

ಕೊರತೆಯೂ ಇದೆ. ಸೈಡ್‌ವಾಲ್ 117 ಮಿ.ಮೀ. ಎತ್ತರ, ಮೇಲಾಗಿ ಮೆತ್ತಗೆ. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುವ ಕಡೆ ಮೊದಲು ಟೈರು ವಾಲುತ್ತದೆ, ಆಮೇಲೆ ಕಾರು ತಿರುಗುತ್ತದೆ. ಪೋಲೋದಂಥ ಚುರುಕು ಕಾರಿನಲ್ಲಿ ಆ ಅರೆಗಳಿಗೆಯ ತಡ ಕೈಗೆ ಗೊತ್ತಾಗಿಬಿಡುತ್ತದೆ. ಜೊತೆಗೆ ಚಕ್ರದ ಒಟ್ಟು ವ್ಯಾಸ 603 ಮಿ.ಮೀ.ನಿಂದ 615ಕ್ಕೆ ಏರುತ್ತದೆ, ಶೇ. 2ರಷ್ಟು ಹೆಚ್ಚು. ಚಕ್ರದ ಒಂದು ಸುತ್ತಿಗೆ ಕಾರು ಅಷ್ಟು ಜಾಸ್ತಿ ದೂರ ಹೋಗಬೇಕು, ಗಿಯರ್ ಉದ್ದವಾದಂತೆ, ಪಿಕಪ್ ಒಂದು ಕೂದಲೆಳೆ ಕಡಿಮೆ. ಬದಲಿಗೆ ಕಾರು 6 ಮಿ.ಮೀ. ಮೇಲೆ ನಿಲ್ಲುತ್ತದೆ. ಸೊಸೈಟಿಯ ಹಂಪ್‌ಗಳಿಗೆ ಅದೇ ಒಂದು ಉಪಕಾರ.

ಮೂರನೆಯದು 16 ಇಂಚಿನ ಅಲಾಯ್ ಮೇಲೆ 195/50 ಸೈಜಿನ ಸ್ಪೋರ್ಟ್ ಟೈರು. ಧಾರವಾಡದ ಗೆಳೆಯನ ಹತ್ತಿರವೂ ಪೋಲೋ ಇದೆ. ಚಳಿಗಾಲದಲ್ಲಿ ಚಕ್ರಗಳನ್ನು ಅದಲುಬದಲು ಮಾಡಿಕೊಂಡು ಓಡಿಸಿದೆವು. ಸೈಡ್‌ವಾಲ್ ಬರೀ 97.5 ಮಿ.ಮೀ., ಒಟ್ಟು ವ್ಯಾಸ 601, ಕಂಪನಿ ಸೈಜಿಗೆ ಹೆಚ್ಚುಕಡಿಮೆ ಸಮ. ಒಣ ರಸ್ತೆಯಲ್ಲಿ ಇದರ ಸೊಗಸೇ ಬೇರೆ. ಸ್ಟೀರಿಂಗ್ ಒಂದಿಷ್ಟು ಆಡಿಸಿದರೆ ಸಾಕು, ಮೂತಿ ಆಗಲೇ ತಿರುಗಿರುತ್ತದೆ. ಡಿಸೆಂಬರ್ ಬೆಳಗ್ಗೆ ಖಾಲಿ ತಾಮ್ಹಿಣಿಯಲ್ಲಿ, ವೇಗ ಜಾಸ್ತಿ ಮಾಡದೆಯೂ, ಅಷ್ಟು ಖುಷಿ ಬೇರೆ ಯಾವ ಟೈರಿನಲ್ಲೂ ಸಿಗಲಿಲ್ಲ.

ಅದೇ ಚಕ್ರದಲ್ಲಿ ಸಾತಾರಾ, ಕೊಲ್ಹಾಪುರದ ಮೇಲೆ ಬೆಳಗಾವಿಗೂ ಹೋಗಿಬಂದೆವು. ಹಿಂದಿನ ಸೀಟಿನಲ್ಲಿ ಅಮ್ಮ. ನಿಪ್ಪಾಣಿ ಬರುವಷ್ಟರಲ್ಲಿ "ನಡಾ ಹಿಡೀತು ನೋಡಪಾ" ಅಂದರು. ಸೇತುವೆಯ ಒಂದೊಂದು ಜೋಡಣೆಯೂ ಸೀಟಿನವರೆಗೆ ಬಂದು ಕುಟ್ಟುತ್ತಿತ್ತು. ಅದಕ್ಕಿಂತ ದೊಡ್ಡ ಭಯ ಗುಂಡಿಯದು. ಗಿಡ್ಡ ಸೈಡ್‌ವಾಲ್ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ದಾರ ಹರಿದುಹೋಗುತ್ತದೆ. ಅಲ್ಲಿ ಗುಳ್ಳೆ ಎದ್ದರೆ ರಿಪೇರಿ ಇಲ್ಲ, ಟೈರು ಬಿಸಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ರಸ್ತೆಗಳಲ್ಲಿ ನೀರು ತುಂಬಿದ ಗುಂಡಿಯ ಆಳ ಯಾರಿಗೆ ಗೊತ್ತು ಹೇಳಿ. ಇರುವುದು ಒಂದೇ ಕಾರು, ಮನೆಮಂದಿಯೆಲ್ಲ ಅದರಲ್ಲೇ ಓಡಾಡಬೇಕು ಅನ್ನುವವರಿಗೆ ಈ ಸೈಜನ್ನು ನಾನು ಹೇಳುವುದಿಲ್ಲ.

ಹಾಗಾದರೆ ಎರಡನೆಯದೇ ಗೆದ್ದಿತಾ? ಈ ಮೂರರಲ್ಲಿ ಹೌದು. ಆದರೆ ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಕಾರು. ನಮ್ಮ ಸೊಸೈಟಿಯಲ್ಲೇ ಇರುವ ಹುಬ್ಬಳ್ಳಿಯವರೊಬ್ಬರು ಅದೇ ಮೆತ್ತನೆ ಟೂರಿಂಗ್ ಟೈರನ್ನು ಕಂಪನಿ ಸೈಜಿನಲ್ಲಿ, ಅಂದರೆ 185/60ರಲ್ಲಿ ಹಾಕಿಸಿದ್ದರು. ಓಡಿಸಿ ನೋಡಿದೆ. ಒದ್ದೆಯಲ್ಲಿ ಹಿಡಿತ ಹತ್ತಿರ ಹತ್ತಿರ ನನ್ನ 195ರಷ್ಟೇ. ಸ್ಟೀರಿಂಗ್ ನನ್ನದಕ್ಕಿಂತ ಚುರುಕು. ಪಿಕಪ್ ಮೊದಲಿನಂತೆಯೇ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಸೈಜು ಹೊಂದುತ್ತದೆ. 10 ಮಿ.ಮೀ. ಅಗಲ ತಂದುಕೊಟ್ಟಿತು ಅಂತ ನಾನು ತಿಳಿದಿದ್ದ ಹಿಡಿತದಲ್ಲಿ ಬಹುಪಾಲು ಬಂದದ್ದು ರಬ್ಬರಿನಿಂದ. ಅದಕ್ಕೇ ಈಗ ಯಾರು ಕೇಳಿದರೂ ಹೇಳುವುದಿಷ್ಟು: ಸುಮ್ನೆ ಸೈಜು ಏರಿಸಬೇಡಿ, ಅದೇ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿ. ಮುಂದಿನ ಸಲ ನನ್ನ ಕಾರಿಗೂ ಅದೇ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ, ಮೈಲೇಜೂ ತುಸು ಇಳಿಯುತ್ತದೆ. ಮಳೆಯಲ್ಲಿ ಬೇಗ ನಿಲ್ಲುವ ಕಾರಿಗೆ ಅಷ್ಟು ಬೆಲೆ ಕೊಡಬಹುದು, ಅಲ್ವಾ?

ಯಾವ ಟೈರೇ ಆಗಲಿ, ಗಾಳಿ ಸರಿಯಿಲ್ಲದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಪೋಲೋದಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ ಸ್ಟಿಕ್ಕರ್ ಇದೆ, ಅದರಲ್ಲಿರುವಷ್ಟು ಹಾಕಿಸಿ. ಟೈರು ತಣ್ಣಗಿರುವಾಗಲೇ ನೋಡಬೇಕು. ತಾಪ 5-6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ ನೋಡಿದ ಲೆಕ್ಕ ಪುಣೆಯ ಡಿಸೆಂಬರ್ ಬೆಳಗಿಗೆ ನಡೆಯುವುದಿಲ್ಲ. ಕೊಳ್ಳುವಾಗ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿಯನ್ನೂ ಓದಿ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಕೂತು ಹಳೆಯದಾದ ಟೈರನ್ನು ಹೊಸದರ ಬೆಲೆಗೆ ತರಬೇಡಿ.

ನಾಲ್ಕೂ ಒಟ್ಟಿಗೆ ಬದಲಿಸಲು ಆಗದೆ ಎರಡೇ ತಂದರೆ, ಅವನ್ನು ಹಿಂದೆ ಹಾಕಿಸಿ. ಕಾರು ಎಳೆಯುವುದು ಮುಂದಿನ ಚಕ್ರ, ಹೊಸದು ಅಲ್ಲಿಗೇ ಅಂತ ಅಂಗಡಿಯವರು ಹೇಳಿದರೂ ಒಪ್ಪಬೇಡಿ. ಒದ್ದೆಯಲ್ಲಿ ಮುಂದಿನ ಟೈರು ಜಾರಿದರೆ ಆಕ್ಸಿಲರೇಟರ್ ಬಿಟ್ಟು ಹೇಗೋ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಸಂಭಾಳಿಸಲು ಪುರುಸೊತ್ತೇ ಇರುವುದಿಲ್ಲ.